ಕಾಲು ಮೈಲಿಯ ಸಂಸಾರ

ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲಿಸಲು ಜಾಗವಿದೆ. ಒಂದು ಕಡೆ ವರ್ಷದ ಬಹುಪಾಲು ಓಡದ ಕಾರು ನಿಂತಿದೆ, ಇನ್ನೊಂದು ಕಡೆ ಅದರ ಬಿಡಿಭಾಗಗಳು ನಿಂತಿವೆ. ಓಡುವ ಕಾರುಗಳೆರಡೂ ಮಿಷಿಗನ್ನಿನ ಹಿಮದಲ್ಲಿ ಬಯಲಿಗೆ ಬಿದ್ದಿವೆ. ಜನವರಿಯ ಬೆಳಗ್ಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಾ ನನ್ನ ಹೆಂಡತಿ ಗ್ಯಾರೇಜಿನ ಬಾಗಿಲ ಕಡೆಗೊಮ್ಮೆ ನೋಡುತ್ತಾಳೆ. ಆ ನೋಟಕ್ಕೆ ನಾನು ಇದುವರೆಗೆ ಉತ್ತರ ಕೊಟ್ಟಿಲ್ಲ. ಅಷ್ಟು ಬುದ್ಧಿ ಇನ್ನೂ ಉಳಿದಿದೆ.

ಒಳಗಿರುವುದು 1965ರ ಪಾಂಟಿಯಾಕ್ ಜಿಟಿಒ. ಹಾಸನದಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಅಂಬಾಸಿಡರಿನ ಕೆಳಗೆ ಮಲಗಿ ಕೈಯೊಂದನ್ನೇ ಹೊರಚಾಚಿದರೆ, ಕೇಳುವ ಮೊದಲೇ ಸರಿಯಾದ ಸ್ಪ್ಯಾನರ್ ಇಡುವಷ್ಟು ಸಣ್ಣ ವಯಸ್ಸಿಗೇ ನಾನು ಕೆಟ್ಟವನು. ಆ ಅಂಬಾಸಿಡರಿನ ಎಂಜಿನ್ 1489 ಸಿಸಿ. ಜಿಟಿಒದ್ದು 389 ಘನ ಅಂಗುಲ, ಅಂದರೆ ಸುಮಾರು 6.4 ಲೀಟರು, ನಾಲ್ಕು ಅಂಬಾಸಿಡರ್ ಎಂಜಿನ್ ಒಟ್ಟು ಹಾಕಿದರೂ ಅದಕ್ಕೆ ಸಮವಾಗುವುದಿಲ್ಲ. ಇಂಥದ್ದನ್ನು ತಯಾರಿಸಿದ ಊರಿಗೇ ನೌಕರಿ ಹುಡುಕಿಕೊಂಡು ಬಂದೆ. ಸಿಕ್ಕ ಕೆಲಸ ಯಾವುದೆಂದರೆ, ಸೀಟ್‌ಬೆಲ್ಟ್ ಕಟ್ಟದಿದ್ದರೆ ಟಿಣ್ ಟಿಣ್ ಎಂದು ಬಡಿದುಕೊಳ್ಳುವ ಸದ್ದಿನ ಸಾಫ್ಟ್‌ವೇರ್ ಬರೆಯುವುದು. ಹಗಲೆಲ್ಲ ಚಾಲಕರ ತಲೆ ತಿಂದು, ಸಂಜೆ ಯಾವುದಕ್ಕೂ ಟಿಣ್ ಎನ್ನದ ಕಾರಿನ ಅಡಿ ಸೇರುತ್ತೇನೆ.

ಈ ಕಾರು ಹುಟ್ಟಿದ ಕತೆಯನ್ನು ಕಂಪನಿಯಲ್ಲಿ ದುಡಿದ ಯಾರೂ ಕಣ್ಣರಳಿಸದೆ ಕೇಳಲಾರರು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದು ಎಂಬುದು ಆಗ ಜನರಲ್ ಮೋಟಾರ್ಸ್‌ನ ಕಟ್ಟಪ್ಪಣೆ. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಅಪ್ಪಣೆಯನ್ನು ಮುರಿಯಲಿಲ್ಲ, ಚೆನ್ನಾಗಿ ಓದಿದರು. ಅದರಲ್ಲಿ ಮಾದರಿಗಳ ಮಾತಿತ್ತು, ಐಚ್ಛಿಕ ಸಲಕರಣೆಗಳ ಮಾತಿರಲಿಲ್ಲ. ಹಾಗಾಗಿ 1964ರಲ್ಲಿ ಟೆಂಪೆಸ್ಟ್ ಲಮಾನ್ಸ್ ಎಂಬ ಸಂಭಾವಿತ ಕಾರಿಗೆ, ಹೆಚ್ಚು ಹಣ ಕೊಟ್ಟವರಿಗೆ ಮಾತ್ರ, ದೈತ್ಯ ಎಂಜಿನನ್ನು ರೇಡಿಯೋ ಕೊಟ್ಟಷ್ಟೇ ಸಲೀಸಾಗಿ ಜೋಡಿಸಿಕೊಟ್ಟರು. ಹೆಸರು ಫೆರಾರಿಯದು, ಕೇಳದೇ ಎತ್ತಿಕೊಂಡದ್ದು. ಐದು ಸಾವಿರ ಮಾರಾಟವಾದರೆ ಹೆಚ್ಚು ಅಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋದವು. ಆಮೇಲೆ ಅಪ್ಪಣೆಯ ಸುದ್ದಿ ಯಾರೂ ಎತ್ತಲಿಲ್ಲ.

ಆ ಜಾಣತನದ ಬಾಕಿಯನ್ನು ಈಗ ನಮ್ಮಂಥವರು ತೀರಿಸುತ್ತಿದ್ದೇವೆ. 1964 ಮತ್ತು 65ರ ಕಾರುಗಳ ಚಾಸಿ ನಂಬರ್ ನೋಡಿದರೆ ಅದು ಜಿಟಿಒ ಹೌದೋ ಅಲ್ಲವೋ ತಿಳಿಯುವುದಿಲ್ಲ. ಬಡಪಾಯಿ ಲಮಾನ್ಸ್‌ಗೆ ಮೂರಕ್ಷರ ಅಂಟಿಸಿ ಮೂರು ಪಟ್ಟು ಬೆಲೆ ಹೇಳುವವರಿದ್ದಾರೆ. ಅದಕ್ಕೇ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬಲ್ಲಿಂದ ಕಾರ್ಖಾನೆಯ ಹಳೇ ಬಿಲ್ಲಿನ ಪ್ರತಿಯನ್ನು, ಹೆಣ್ಣು ನೋಡುವ ಮೊದಲು ಜಾತಕ ತರಿಸುವ ಹಾಗೆ, ತರಿಸಿಕೊಳ್ಳಬೇಕು. ನನ್ನದರ ಕಾಗದ ಅಪ್ಪಟ. ಕಾರು ಮಾತ್ರ ತುಕ್ಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಯಾವ ಕಬ್ಬಿಣವನ್ನೂ ಬಿಡುವುದಿಲ್ಲ. ಕೊಳ್ಳುವ ದಿನ ಅಯಸ್ಕಾಂತ ಹಿಡಿದು ಹೋಗಿದ್ದೆ. ಬಾನೆಟ್ಟಿಗೆ ಅಂಟಿತು, ಬಾಗಿಲಿಗೆ ಅಂಟಿತು, ಹಿಂಚಕ್ರದ ಮೇಲ್ಗಡೆ ಇಟ್ಟರೆ ಪಟ್ಟನೆ ನೆಲಕ್ಕೆ ಬಿತ್ತು. ಅಲ್ಲಿ ತಗಡಿರಲಿಲ್ಲ, ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಮಾರುತ್ತಿದ್ದ ಮುದುಕರು ನಿರ್ವಿಕಾರವಾಗಿ, "ನಿನ್ನ ಅಯಸ್ಕಾಂತ ಹಳೆಯದಿರಬೇಕು" ಎಂದರು. ಅಷ್ಟು ಧೈರ್ಯವಿರುವವರ ಹತ್ತಿರ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಊರಿಂದ ಬಂದ ಅಮ್ಮ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಇಷ್ಟು ದೂರ ಬರಬೇಕಿತ್ತೇನೋ? ಹಾಸನದಲ್ಲಿ ಗುಜರಿ ಅಂಗಡಿ ಇರಲಿಲ್ವಾ?" ಎಂದರು. ಆದರೂ ಆಯುಧಪೂಜೆಯ ದಿನ ಅದಕ್ಕೇ ದೊಡ್ಡ ಹಾರ. ಹಿಂಚಕ್ರಕ್ಕೆ ನಿಂಬೆಹಣ್ಣಿಟ್ಟು, "ನಿಧಾನವಾಗಿ ಹತ್ತಿಸು ಕಣೋ" ಎಂದರು. ನಿಧಾನ ಎನ್ನುವುದು ಈ ಕಾರಿನ ಜಾಯಮಾನದಲ್ಲಿಲ್ಲ. ಕ್ಲಚ್ ಬಿಟ್ಟೆ, ಚಕ್ರ ನಿಂತಲ್ಲೇ ಗರಗರ ತಿರುಗಿ, ನಿಂಬೆಹಣ್ಣು ಬೇಲಿ ಹಾರಿ ಪಕ್ಕದ ಮನೆಯ ಹುಲ್ಲುಹಾಸಿಗೆ ಬಿತ್ತು. ಪಕ್ಕದ ಮನೆಯಾತ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು, ಇದು ಎಂಜಿನ್ನಿನ ಯಾವ ಭಾಗ ಎಂದು ಕೇಳಿದ. ಅವನ ಮುಖದಲ್ಲಿ ನಿಜವಾದ ಕಾಳಜಿಯಿತ್ತು.

ಈ ಕಾರಿನ ಎಂಜಿನ್ನಿನ ತಲೆಯ ಮೇಲೆ ಮೂರು ಕಾರ್ಬುರೇಟರ್‌ಗಳಿವೆ. ಸಾಮಾನ್ಯ ಓಟಕ್ಕೆ ನಡುವಿನದೊಂದೇ ಸಾಕು. ಕಾಲು ಪೂರ್ತಿ ಒತ್ತಿದಾಗ ಅಕ್ಕಪಕ್ಕದ ಎರಡೂ ಬಾಯಿ ತೆರೆಯುತ್ತವೆ. ಮೂರನ್ನೂ ಒಮ್ಮತಕ್ಕೆ ತರುವಷ್ಟರಲ್ಲಿ ಮಿಷಿಗನ್ನಿನ ಬೇಸಿಗೆ ಮುಗಿದಿರುತ್ತದೆ. ಆಗಸ್ಟಿನ ಮೂರನೇ ಶನಿವಾರದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಮಾತ್ರ ಹೇಗೋ ಹೊರಡಿಸುತ್ತೇನೆ. 1995ರಲ್ಲಿ ಫರ್ನ್‌ಡೇಲಿನ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು ಶುರುವಾದದ್ದು, ಈಗ ಮಹಾ ಜಾತ್ರೆ. ಒಂದು ಕಾಲಕ್ಕೆ ರಾತ್ರಿ ಕದ್ದು ರೇಸ್ ಆಡುತ್ತಿದ್ದ ಬೀದಿಯಲ್ಲಿ ಈಗ ಸಾವಿರಾರು ಹಳೇ ಕಾರುಗಳು ನಡೆಯುವವರಿಗಿಂತ ನಿಧಾನ ಸಾಗುತ್ತವೆ. ನನ್ನ ಕಾರಿನ ರೇಡಿಯೇಟರ್ ಮಾತ್ರ ಹಳೇ ಆವೇಶವನ್ನು ಇಟ್ಟುಕೊಂಡಿದೆ.

ನಿಜವಾದ ರೇಸಿಗೆ ಮೈಲನ್ ಊರಿನ ಡ್ರ್ಯಾಗ್ ಪಟ್ಟಿಗೆ ಹೋಗಬೇಕು. ಕಾಲು ಮೈಲಿ, ನೆಟ್ಟಗೆ. ತಿರುವಿನ ತಂಟೆಯಿಲ್ಲ, ತಿರುಗುವುದೂ ನಿಲ್ಲುವುದೂ ಈ ಕಾರಿಗೆ ಅಷ್ಟಾಗಿ ಬಾರದ ವಿದ್ಯೆಗಳು. ನಾವು ಆಡುವ ಬ್ರ್ಯಾಕೆಟ್ ರೇಸಿನಲ್ಲಿ, ಎಷ್ಟು ಸೆಕೆಂಡಿನಲ್ಲಿ ಓಡುತ್ತೇವೆಂದು ಮೊದಲೇ ಕಾರಿನ ಗಾಜಿನ ಮೇಲೆ ಬಿಳಿ ಷೂ ಪಾಲಿಷಿನಲ್ಲಿ ಬರೆಯಬೇಕು. ನಿಧಾನದ ಕಾರಿಗೆ ಅಷ್ಟು ಮುಂಚೆ ಹಸಿರು ದೀಪ. ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಸೋಲು! ನಾನು 15.20 ಎಂದು ಬರೆದಿದ್ದೆ. ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜಿ, ಹಿಂದಿನ ಸೀಟಿನಲ್ಲಿ ಮೊಮ್ಮಗುವಿನ ಕುರ್ಚಿ ಬಿಗಿದಿದ್ದ ಸಂಸಾರಿ ವ್ಯಾನಿನಲ್ಲಿ. ಮೂರೂ ಕಾರ್ಬುರೇಟರ್‌ಗಳು ಅಂದೇ ಒಮ್ಮತಕ್ಕೆ ಬರಬೇಕೆ? 15.11ಕ್ಕೆ ಮುಟ್ಟಿಬಿಟ್ಟೆ. ಅಜ್ಜಿ ಬರೆದ ಸಮಯಕ್ಕೆ ಕೂದಲೆಳೆಯಷ್ಟು ತಡವಾಗಿ ಬಂದು ಗೆದ್ದರು. ನಮ್ಮ ಆಫೀಸಿನಲ್ಲಿ ಹೇಳಿದ ಗಡುವಿಗಿಂತ ಮುಂಚೆ ಕೆಲಸ ಮುಗಿಸಿದವರೇ ಇಲ್ಲ, ಅಂಥ ಅಪಾಯವಿದೆಯೆಂದು ನನಗೆ ಗೊತ್ತಾಗುವುದಾದರೂ ಹೇಗೆ? ಸಂಜೆ ಹೆಂಡತಿಗೆ ಇದನ್ನು ವಿವರಿಸಿದೆ. "ಅಂದರೆ ಅದು ಓಡದಿದ್ದರೂ ಕಷ್ಟ, ಓಡಿದರೂ ಕಷ್ಟ ಅನ್ನಿ" ಎಂದಳು.

ವಿಮೆ ಕಂಪನಿಗಳ ದರ, ಹೊಗೆಯ ಕಾನೂನು, 1973ರ ಎಣ್ಣೆ ಬಿಕ್ಕಟ್ಟು ಎಲ್ಲ ಸೇರಿ ಈ ಜಾತಿಯ ಕಾರುಗಳ ಕತೆ ಮುಗಿಸಿದವು. 2010ರಲ್ಲಿ ಪಾಂಟಿಯಾಕ್ ಎಂಬ ಹೆಸರೂ ಹೋಯಿತು. ಹೀಗಾಗಿ ಬಿಡಿಭಾಗಕ್ಕೆ ಪರಸ್ಪರರ ಹಿತ್ತಲುಗಳೇ ಗತಿ. ಓದುಗರಲ್ಲಿ ಯಾರಾದರೂ ಅಮೆರಿಕದಲ್ಲಿದ್ದು, ಯಾವುದಾದರೂ ಕೊಟ್ಟಿಗೆಯಲ್ಲಿ 1965ರ ಜಿಟಿಒದ ಎಡಗಡೆಯ ಹಿಂದೀಪದ ಗಾಜು ಕಂಡರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಬೆಲೆ ಎಷ್ಟಾದರೂ ಚಿಂತೆಯಿಲ್ಲ, ಪಾರ್ಸೆಲ್ ಮಾತ್ರ ಆಫೀಸಿನ ವಿಳಾಸಕ್ಕೇ ಬರಲಿ.