ಕಣ್ಣು ಮುಚ್ರೋ!

ಮಕ್ಕಳಿಗೆ ಧ್ಯಾನ ಕಲಿಸಬೇಕು ಎನ್ನುವವರು ಮೊದಲು ಎಳೆದುತರುವುದು ಧ್ರುವನನ್ನು. ಐದು ವರ್ಷದ ಹುಡುಗ, ಮಧುವನದಲ್ಲಿ ಒಂಟಿಕಾಲ ಮೇಲೆ ನಿಂತು ಆರೇ ತಿಂಗಳಲ್ಲಿ ಹರಿಯನ್ನು ಎದುರಿಗೆ ಕರೆಸಿಕೊಂಡವನು. ಆದರೆ ಅವನು ಕಾಡಿಗೆ ಹೋದದ್ದು ಮನಶ್ಶಾಂತಿ ಹುಡುಕಿಕೊಂಡಲ್ಲ. ಅಪ್ಪನ ತೊಡೆಯೇರಲು ಮಲತಾಯಿ ಸುರುಚಿ ಬಿಡಲಿಲ್ಲವೆಂಬ ಸಿಟ್ಟಿಗೆ. ಅಪ್ಪಟ ಹಟ. ಆ ಸಾಮಗ್ರಿ ನಮ್ಮ ಬಡಾವಣೆಯ ಮಕ್ಕಳಲ್ಲೂ ಬೇಕಾದಷ್ಟಿದೆ, ಅದನ್ನು ಪದ್ಮಾಸನದ ಕಡೆಗೆ ತಿರುಗಿಸಿದರಾಯಿತು ಎಂದುಕೊಂಡು ಬೇಸಿಗೆ ಶಿಬಿರಕ್ಕೆ ಒಪ್ಪಿದೆ.

ಒಪ್ಪಿದೆ ಎನ್ನುವುದಕ್ಕಿಂತ ಉಳಿದುಕೊಂಡೆ ಎನ್ನಬೇಕು. ಚಿತ್ರಕ್ಕೆ, ಜಾದೂಗೆ, ರಂಗಗೀತೆಗೆ ಆಗಲೇ ಜನ ಸಿಕ್ಕಿದ್ದರು. "ನೀವು ಧ್ಯಾನ ಮಾಡಿಸಿಬಿಡಿ ಸಾರ್. ಸಾಮಾನು ಬೇಡ, ಖರ್ಚೂ ಇಲ್ಲ," ಎಂದರು ಸಂಘದ ಕಾರ್ಯದರ್ಶಿಗಳು. ಪಾರ್ಕಿನ ಬೆಂಚಿನಲ್ಲಿ ನಾನು ತೂಕಡಿಸುವುದನ್ನು ದೂರದಿಂದ ನೋಡಿ ಏನೋ ಅಂದುಕೊಂಡಿರಬೇಕು.

ವಿಪಶ್ಯನ ಕೇಂದ್ರಗಳಲ್ಲಿ ಮಕ್ಕಳಿಗೆ ಆನಾಪಾನ ಕಲಿಸುತ್ತಾರೆ. ಮಂತ್ರವಿಲ್ಲ, ಮೂರ್ತಿಯಿಲ್ಲ, ಮೂಗಿನಲ್ಲಿ ಬಂದುಹೋಗುವ ಉಸಿರನ್ನು ಅದು ಇದ್ದ ಹಾಗೇ ಗಮನಿಸುವುದು, ಅಷ್ಟೆ. ಇದಕ್ಕಿಂತ ಸುಲಭ ಇನ್ನೇನಿದೆ ಎಂದು ಅಲ್ಲಿಂದಲೇ ಶುರುಮಾಡಿದೆ.

"ತಾತ, ನಂಗೆ ಒಂದು ಹೊಳ್ಳೆ ಕಟ್ಕೊಂಡಿದೆ. ಯಾವುದನ್ನ ಗಮನಿಸ್ಲಿ?"

"ಇನ್ನೊಂದನ್ನ ಗಮನಿಸೋ."

"ಅದ್ರಲ್ಲಿ ಸಿಂಬಳ ಬರ್ತಿದೆ."

ಇಡೀ ಸಾಲು ಕಣ್ಣು ಬಿಟ್ಟು ಅವನ ಮೂಗನ್ನೇ ನೋಡತೊಡಗಿತು. ಅಂಥ ಏಕಾಗ್ರತೆಯನ್ನು ನಾನು ಹಿಮಾಲಯದ ಬಾಬಾಗಳ ಫೋಟೋಗಳಲ್ಲೂ ಕಂಡಿಲ್ಲ.

ಆಮೇಲೆ ಒಣದ್ರಾಕ್ಷಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎನ್ನುವವರು ರೋಗಿಗಳ ಒತ್ತಡ ಇಳಿಸಲು ಧ್ಯಾನದ ತರಗತಿ ತೆರೆದರು. ಅವರ ಪಾಠಗಳಲ್ಲಿ ಇದು ಬಲು ಪ್ರಸಿದ್ಧ: ಒಂದೇ ಒಂದು ದ್ರಾಕ್ಷಿಯನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ನಾಲಿಗೆಯ ಮೇಲಿಟ್ಟುಕೊಂಡು ಕಾಯಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ನಾನು "ಈಗ ಅದರ ಸುಕ್ಕು ನೋಡಿ" ಎನ್ನುವಷ್ಟರಲ್ಲಿ ಸುಕ್ಕೆಂಬುದು ಉಳಿದಿದ್ದದ್ದು ನನ್ನ ಮುಖದಲ್ಲಿ ಮಾತ್ರ.

"ಗೋಡಂಬಿ ಧ್ಯಾನ ಇಲ್ವಾ ತಾತ?" ಎಂದಳು ಮುಂದಿನ ಸಾಲಿನವಳು.

ಗಂಟೆಯ ಧ್ಯಾನವನ್ನೂ ಮಾಡಿಸಿದೆ. ಮನೆಯಿಂದ ಪೂಜೆಯ ಗಂಟೆ ತಂದು ಬಾರಿಸಿ, ನಾದ ಪೂರ್ತಿ ನಿಂತಾಗ ಕೈಯೆತ್ತಿ ಎಂದೆ. ಎಲ್ಲರೂ ಕಣ್ಣು ಮುಚ್ಚಿದರು. ಒಬ್ಬರೂ ಕೈಯೆತ್ತಲಿಲ್ಲ. ನನ್ನ ಕಿವಿಗೆ ನಾದ ನಿಂತು ಬಹಳ ಹೊತ್ತಾಗಿತ್ತು, ಎಳೆಯ ಕಿವಿಗಳಿಗೆ ಎಷ್ಟು ಸೂಕ್ಷ್ಮ ಶಕ್ತಿ ಎಂದು ನಾನು ಪುಳಕಗೊಳ್ಳುತ್ತಿರುವಾಗ ಒಬ್ಬ ಪಿಸುಗುಟ್ಟಿದ: "ನಿಂತಿಲ್ಲ ತಾತ, ಗೇಟಿನ ಹತ್ರ ಬಂತು." ಐಸ್‌ಕ್ರೀಮ್ ಗಾಡಿ. ಅವತ್ತಿನ ಧ್ಯಾನ ಅಲ್ಲಿಗೆ ವಿಸರ್ಜನೆ.

ಗೇಟಿಗೆ ಓಡದೆ ಉಳಿದವನು ಒಬ್ಬನೇ, ಹೊಳ್ಳೆ ಕಟ್ಟಿದವನು. ನೆಗಡಿಯವನಿಗೆ ಐಸ್‌ಕ್ರೀಮ್ ಕೊಡಿಸುವವರಿಲ್ಲ. ಹೊಂಗೆಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂದಿನ ದಿನ ಯಾರೋ ಬೀಳಿಸಿದ್ದ ದ್ರಾಕ್ಷಿಯನ್ನು ಇರುವೆಗಳು ಎಳೆಯುವುದನ್ನು ನೋಡುತ್ತಿದ್ದ. ಯಾವ ಇರುವೆ ನಿಜವಾಗಿ ಎಳೆಯುತ್ತಿದೆ, ಯಾವುದು ಸುಮ್ಮನೆ ಜೊತೆಗೆ ಓಡಾಡುತ್ತಿದೆ, ಎಲ್ಲ ಹೇಳಿದ. ಆ ಎರಡನೆಯ ಜಾತಿ ನಮ್ಮ ಆಫೀಸಿನಲ್ಲೂ ಇತ್ತು. ದ್ರಾಕ್ಷಿಯ ಸುಕ್ಕುಗಳನ್ನೂ ವರ್ಣಿಸಿದ. ಕಬಾಟ್-ಜಿನ್ ಕೇಳಿದ್ದರೆ ಅವನಿಗೊಂದು ಸರ್ಟಿಫಿಕೇಟ್ ಕೊಡುತ್ತಿದ್ದರು.

ಇನ್ನು ಹೆತ್ತವರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾಡೋ ಧ್ಯಾನ ಯಾವುದಾದ್ರೂ ಇದ್ಯಾ?" ಎಂದು ಕೇಳಿದರು. ಮಕ್ಕಳ ಧ್ಯಾನದ ಮರ್ಮವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಮಗುವಿನ ಮನಸ್ಸು ಶಾಂತವಾಗಲಿ ಎನ್ನುತ್ತೇವೆ. ನಮಗೆ ಬೇಕಾದದ್ದು ಮನೆ ಶಾಂತವಾಗುವುದು. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ಧ್ಯಾನದ ದೊಡ್ಡ ಪರೀಕ್ಷೆಯೊಂದು ನಡೆಯಿತು; ಫಲಿತಾಂಶ ಬಂದದ್ದು 2022ರಲ್ಲಿ. ಹನ್ನೊಂದು ದಾಟಿದ ಮಕ್ಕಳವರು. ಧ್ಯಾನದ ಪಾಠ ಕೇಳಿದವರ ಮನಸ್ಸು ಮಾಮೂಲಿ ಪಾಠ ಕೇಳಿದವರಿಗಿಂತ ಹೆಚ್ಚೇನೂ ಸುಧಾರಿಸಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದವರೂ ಕಡಿಮೆ. ಸುಸ್ತು ಒಂದಿಷ್ಟು ಇಳಿದದ್ದು ಮೇಷ್ಟ್ರುಗಳಿಗೆ! ಇದನ್ನು ಓದಿದ ದಿನ ನನಗೂ ಒಳ್ಳೆಯ ನಿದ್ದೆ ಬಂತು.

ಶಿಬಿರ ಮುಗಿದ ಮೇಲೆ ಹೊಳ್ಳೆ ಕಟ್ಟಿದವನ ತಾಯಿ ತರಕಾರಿ ಅಂಗಡಿಯಲ್ಲಿ ಸಿಕ್ಕರು. ಪಾಠ ಫಲಿಸಿದೆಯೇ ಎಂದು ವಿಚಾರಿಸಿದೆ.

"ಅಯ್ಯೋ, ಚೆನ್ನಾಗಿ ಫಲಿಸಿದೆ. ಹಾಲು ಕುಡಿಯೋ ಅಂದ್ರೆ ಕಣ್ಣು ಮುಚ್ತಾನೆ. ಮಗ್ಗಿ ಹೇಳೋ ಅಂದ್ರೆ ಪದ್ಮಾಸನ. ಬೈದ್ರೆ, 'ಉಸಿರು ಗಮನಿಸಮ್ಮ' ಅಂತಾನೆ. ಇದನ್ನ ಬಿಡಿಸೋ ಶಿಬಿರ ಯಾವಾಗ ಸಾರ್?"