ಶೆಲ್ಲಿನ ಹೆಸರು, ಮನೆಯ ಮಜ್ಜಿಗೆ

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂದವರು ಯೂನಿಕ್ಸ್ ಕಂಡವರಲ್ಲ. ಆದರೂ ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಹೇಳಿ ಮಾಡಿಸಿದ ಮಾತು ಅದು.

ಕೆಲವರ ಸ್ಕ್ರಿಪ್ಟು ಎದ್ದ ಕೂಡಲೇ ಬ್ಯಾಷ್_ವರ್ಷನ್ ಎಂಬ ವೇರಿಯೇಬಲ್ಲಿನ ಮುಖ ನೋಡುತ್ತದೆ. ನಾಲ್ಕೋ ಐದೋ ಕಂಡರೆ ಅಸೋಸಿಯೇಟಿವ್ ಅರೇ ಇದ್ದೇ ಇದೆ ಎಂದು ಧೈರ್ಯ. ಲೆಕ್ಕವೇನೋ ಸರಿ, ಅದು ಬಂದದ್ದು 2009ರ ಬ್ಯಾಷ್ 4.0ರಲ್ಲಿ. (ಆ ಆವೃತ್ತಿಗೆ ಜಿಪಿಎಲ್ 3 ಲೈಸೆನ್ಸು; ಆಪಲ್‌ನವರು 3.2 ಬಿಟ್ಟು ಕದಲಲೇ ಇಲ್ಲ. ಹೊಚ್ಚ ಹೊಸ ಮ್ಯಾಕಿನಲ್ಲೂ ಆ ಮುದುಕ ಒಂದು ಮೂಲೆಯಲ್ಲಿ ಕೂತಿರುತ್ತಾನೆ.)

ಆದರೆ ವೇರಿಯೇಬಲ್ಲು ಬರೀ ಹೆಸರು. ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಬ್ಯಾಷ್_ವರ್ಷನ್‌ಗೆ 5.2 ಎಂದು ಕೊಟ್ಟು, ಎಕ್ಸ್‌ಪೋರ್ಟ್ ಮಾಡಿ, ಡ್ಯಾಷ್ ಎಂಬ ಇನ್ನೊಂದು ಶೆಲ್ಲನ್ನು ಓಡಿಸಿ ನೋಡಿ. ಸ್ವಂತ ಆವೃತ್ತಿಯನ್ನು ಹೇಳಿಕೊಳ್ಳುವ ವೇರಿಯೇಬಲ್ಲೇ ಇಲ್ಲದ ಆ ಬಡಪಾಯಿ, ಕೊಟ್ಟ ಬಿರುದನ್ನು ಹೊತ್ತು ‘ನಾನೇ ಬ್ಯಾಷ್ 5.2’ ಎಂದು ನಿಲ್ಲುತ್ತದೆ. ಒಂದು ಅರೇ ಕೇಳಿ, ಬಣ್ಣ ಬಯಲಾಗುತ್ತದೆ. ಇನ್ನು ಆವೃತ್ತಿಯನ್ನು ಅಕ್ಷರಗಳಾಗಿ ಹೋಲಿಸುವವರ ಪಾಲಿಗೆ 5.10ಕ್ಕಿಂತ 5.9 ದೊಡ್ಡದು!

ಬಿರುದೇ ಇಲ್ಲದೆ ಬಲ ಬಂದದ್ದೂ ಉಂಟು. 2014ರಲ್ಲಿ ಶೆಲ್‌ಶಾಕ್ ಎಂಬ ದೋಷ ಜಗತ್ತಿನ ಸರ್ವರುಗಳನ್ನೆಲ್ಲ ನಡುಗಿಸಿತಲ್ಲ, ಆಗ ರೆಡ್ ಹ್ಯಾಟ್‌ನವರು ತಮ್ಮ ಹಳೆಯ 4.1.2ಕ್ಕೇ ತೇಪೆ ಹಾಕಿದರು. ರೋಗ ವಾಸಿಯಾದ ಮೇಲೂ ಬ್ಯಾಷ್ ಹೇಳಿಕೊಳ್ಳುತ್ತಿದ್ದ ಸಂಖ್ಯೆ ಅದೇ. ಸಂಖ್ಯೆ ನೋಡಿದವರಿಗೆ ಏನೂ ತಿಳಿಯಲಿಲ್ಲ. ಒಂದು ಸಾಲಿನ ಪರೀಕ್ಷೆ ಓಡಿಸಿದವರಿಗೆ ತಿಳಿಯಿತು.

1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಎಂಬ ಸಲಕರಣೆ ಶುರುಮಾಡಿದಾಗಿನಿಂದ ಅದರ ದಾರಿಯೂ ಇದೇ: ಯಂತ್ರದ ಕುಲಗೋತ್ರ ವಿಚಾರಿಸಬೇಡ, ಕೆಲಸ ಕೊಟ್ಟು ನೋಡು. ಶೆಲ್ಲಿನಲ್ಲೂ ಕಷ್ಟವಿಲ್ಲ. ಬೇಕಾದ ಸೌಲಭ್ಯವನ್ನು ಇವ್ಯಾಲ್‌ನೊಳಗಿಟ್ಟು, ದುಂಡು ಕಂಸದೊಳಗೆ ಓಡಿಸಿ, ದೋಷದ ಗೊಣಗಾಟವನ್ನು ಡೆವ್ ನಲ್‌ಗೆ ಸಾಗಹಾಕಿದರಾಯಿತು. ಕಂಸ ಮರೆತರೆ ಮಾತ್ರ ಕೆಲವು ಶೆಲ್ಲುಗಳು ಪರೀಕ್ಷೆಯ ಜೊತೆಗೆ ಸ್ಕ್ರಿಪ್ಟನ್ನೂ ಮುಗಿಸಿಬಿಡುತ್ತವೆ.

ಹಾಗೆಂದು ಆವೃತ್ತಿ ಸಂಖ್ಯೆ ಪೂರಾ ದಂಡವಲ್ಲ. ಸೌಲಭ್ಯವಿದ್ದೂ ಯಾವುದೋ ಒಂದು ಬಿಡುಗಡೆಯಲ್ಲಿ ಅಪರೂಪಕ್ಕೊಮ್ಮೆ ಎಡವುವ ದೋಷವನ್ನು ಪರೀಕ್ಷಿಸಿ ಹಿಡಿಯಲಾಗದು. ಅಲ್ಲಿ ಸಂಖ್ಯೆಯೇ ಗತಿ. ದೋಷದ ವರದಿ ಬರೆಯುವಾಗಲೂ ಅದು ಬೇಕು. ಉಳಿದಂತೆ, ಸ್ಕ್ರಿಪ್ಟು ಬರೆಯುವ ಮಹನೀಯರೇ, ಹೆಸರು ಕೇಳುವ ಮೊದಲು ಒಂದು ಲೋಟ ಮಜ್ಜಿಗೆ ಕೇಳಿ.