ಸಕ್ರಿಯ ಬಳಕೆದಾರ ಮೀಮಾಂಸೆ: ಪ್ರಥಮ ಪರಿಚ್ಛೇದ

ಎಡದಿಂದ ಬಲಕ್ಕೆ ಸಾಗುತ್ತಾ ಮೇಲೇರುವ ಗೆರೆಗೆ ಮೊದಲ ನಮಸ್ಕಾರ. ಯಾವುದರ ಕೃಪೆಯಿಂದ ಹೂಡಿಕೆದಾರನ ಮುಖ ಅರಳುವುದೋ, ಯಾವುದರ ಅವಕೃಪೆಯಿಂದ ಪ್ರಾಡಕ್ಟ್ ಮ್ಯಾನೇಜರನ ಲಿಂಕ್ಡ್‌ಇನ್ ಚಿತ್ರಕ್ಕೆ ಹಸಿರು ಉಂಗುರ ಬೀಳುವುದೋ, ಆ ಗೆರೆ ನಮ್ಮೆಲ್ಲರನ್ನೂ ಕಾಯಲಿ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ಅಧಿಕಾರಿ: ಎಚ್‌ಎಸ್‌ಆರ್ ಲೇಔಟಿನ ಗಾಜಿನ ಕೋಣೆಯಲ್ಲಿ ಕೂತು, ನೋಡಿದ ಡೆಕ್ಕನ್ನೇ ಮತ್ತೆ ನೋಡಿ, ‘ಇದರಲ್ಲೊಂದು ಡೀಪ್ ಡೈವ್ ಮಾಡೋಣ’ ಎಂಬ ಮಾತಿಗೆ ಗಂಭೀರವಾಗಿ ತಲೆಯಾಡಿಸಿದವನು. ವಿಷಯ: ಆ್ಯಪ್ ತೆರೆಯುವ ಜನ. ಪ್ರಯೋಜನ: ಮುಂದಿನ ಸುತ್ತಿನ ಫಂಡಿಂಗ್. ಸಂಬಂಧ: ಯಾವುದಕ್ಕೂ ಯಾವುದೂ ಇಲ್ಲ.

1. ಲಕ್ಷಣ ಪ್ರಕರಣ

ದಿನದಲ್ಲಿ ಒಮ್ಮೆಯಾದರೂ ಆ್ಯಪ್ ತೆರೆದವರ ಸಂಖ್ಯೆ ಡಿಎಯು. ತಿಂಗಳಲ್ಲಿ ಒಮ್ಮೆಯಾದರೂ ತೆರೆದವರದು ಎಂಎಯು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸ್ಟಿಕಿನೆಸ್ ಸಿದ್ಧಿಸುತ್ತದೆ. ಅದು ಶೇ. 20 ಎಂದರೆ, ಬಂದವರು ಸರಾಸರಿ 30 ದಿನಗಳಲ್ಲಿ 6 ದಿನ ಬಂದರು. ಇಷ್ಟೇ. ಆದರೆ ಇಷ್ಟೇ ಎಂದುಬಿಟ್ಟರೆ ಸಂಬಳ ಹುಟ್ಟುವುದಿಲ್ಲವಾದ್ದರಿಂದ ಭಾಷ್ಯ ಆರಂಭ.

ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. ಜೇಬಿನೊಳಗೆ ತಾನೇ ಒತ್ತಿಕೊಂಡ ಫೋನು, ನೋಟಿಫಿಕೇಶನ್ ಸರಿಸಲು ಹೋಗಿ ಜಾರಿದ ಬೆರಳು, ತಾತನ ಮೊಬೈಲಿನಲ್ಲಿ ಬಣ್ಣದ ಗುಂಡಿ ಕಂಡು ಒತ್ತಿದ ಮೊಮ್ಮಗಳು, ಎಲ್ಲರೂ ಸಕ್ರಿಯರೇ. ಅವ್ಯಾಪ್ತಿಯೂ ಇದೆ. ಹೊರಗಿನ ವಿಜೆಟ್ಟಿನಲ್ಲೇ ಮಳೆಯ ಸೂಚನೆ ನೋಡಿ ಕೊಡೆ ಹಿಡಿದು ಹೊರಟವನು ದಿನವೂ ಉಪಯೋಗ ಪಡೆದರೂ, ಆ್ಯಪ್ ತೆರೆಯಲಿಲ್ಲವೆಂದು ಲೆಕ್ಕದಿಂದ ಹೊರಗೆ.

ಇನ್ನು ‘ದಿನ’ ಎಂದರೇನು? ಸರ್ವರುಗಳು ಬಹುಮಟ್ಟಿಗೆ ಯುಟಿಸಿ ಕಾಲದಲ್ಲಿ ಬದುಕುತ್ತವೆ. ಅಲ್ಲಿನ ನಡುರಾತ್ರಿ ನಮ್ಮಲ್ಲಿ ಬೆಳಗಿನ 5:30. ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು 5:20ಕ್ಕೆ ವಾಕಿಂಗಿಗೆ ಇಳಿಯುವಾಗ ಹೆಜ್ಜೆ ಎಣಿಸುವ ಆ್ಯಪ್ ತೆರೆದು, 5:40ಕ್ಕೆ ಇನ್ನೊಮ್ಮೆ ನೋಡಿದರೆನ್ನಿ. ಯುಟಿಸಿ ಲೆಕ್ಕದಲ್ಲಿ ಅವರು ಎರಡು ದಿನ ಸಕ್ರಿಯರು. ಸೂರ್ಯೋದಯಕ್ಕೆ ದಿನ ಎಣಿಸುವ ಪಂಚಾಂಗದವರಿಗೆ ಇದರಲ್ಲಿ ದೊಡ್ಡ ತಕರಾರಿರಲಾರದು.

ಆಪ್ತವಾಕ್ಯಕ್ಕೆ ಟ್ವಿಟರನ್ನು ನೋಡಬೇಕು. ತಿಂಗಳ ಲೆಕ್ಕ ಇಳಿಯುತ್ತಿದ್ದಾಗ, 2019ರಲ್ಲಿ ಅದು ಆ ಲೆಕ್ಕ ಪ್ರಕಟಿಸುವುದನ್ನೇ ಬಿಟ್ಟು, ‘ಹಣವಾಗಬಲ್ಲ ದೈನಂದಿನ ಸಕ್ರಿಯರು’ ಎಂಬ ಹೊಸ ಪ್ರಮಾಣವನ್ನು ಎತ್ತಿ ಹಿಡಿಯಿತು. 2022ರ ಏಪ್ರಿಲಿನಲ್ಲಿ, ಒಬ್ಬನೇ ಮನುಷ್ಯ ಜೋಡಿಸಿಟ್ಟುಕೊಂಡ ಹಲವು ಖಾತೆಗಳನ್ನು ಹಲವು ಜನ ಎಂದೇ ಎಣಿಸುತ್ತಾ ಬಂದಿದ್ದಾಗಿ ಒಪ್ಪಿಕೊಂಡಿತು. ವ್ಯತ್ಯಾಸ 19 ಲಕ್ಷದವರೆಗೆ. ಒಂದು ಹಲವಾಗಿ ಕಾಣುವುದನ್ನು ಅದ್ವೈತಿಗಳು ಮಾಯೆ ಎಂದರು. ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಗ್ರೋತ್ ಎನ್ನುತ್ತಾರೆ.

2. ಧಾರಣ ಪ್ರಕರಣ

ಇಂದು ಆ್ಯಪ್ ಹಾಕಿಕೊಂಡವನು ಏಳನೆಯ ದಿನ ಉಳಿದಿದ್ದಾನೆಯೇ ಎಂಬುದು ಡಿ7 ರಿಟೆನ್ಶನ್. ಇದರಲ್ಲಿ ಮೂರು ಮತಗಳು. ಏಕದಿನವಾದಿಗಳಿಗೆ ಅವನು ಸರಿಯಾಗಿ ಏಳನೆಯ ದಿನವೇ ಬರಬೇಕು. ಉತ್ತರವಾದಿಗಳಿಗೆ ಏಳನೆಯ ದಿನವೋ ಅದರ ಮೇಲೆ ಎಂದಾದರೂ ಸರಿ, ಬಂದರೆ ಸಾಕು. ಸಪ್ತಾಹವಾದಿಗಳು ವಾರವಾರದ ಗೂಡು ಮಾಡಿ ಅದರೊಳಗೆ ಹುಡುಕುತ್ತಾರೆ. ಒಂಬತ್ತನೆಯ ದಿನ ಬಂದವನು ಮೊದಲ ಮತದಲ್ಲಿ ಗತಿಸಿದ್ದಾನೆ, ಎರಡನೆಯದರಲ್ಲಿ ಬದುಕಿದ್ದಾನೆ, ಮೂರನೆಯದರಲ್ಲಿ ಎರಡನೇ ವಾರದ ಗೂಡಿನಲ್ಲಿ ಕೂತಿದ್ದಾನೆ. ಮನುಷ್ಯ ಒಬ್ಬನೇ, ಬಂದದ್ದೂ ಒಮ್ಮೆಯೇ. ಸಿದ್ಧಾಂತ ಯಾವುದು? ಯಾವುದರಲ್ಲಿ ಶೇಕಡಾವಾರು ದೊಡ್ಡದೋ ಅದು. ಡೆಕ್ಕಿನಲ್ಲಿ ಯಾವ ಮತವೆಂದು ಬರೆದದ್ದನ್ನು ನಾನಂತೂ ಕಂಡಿಲ್ಲ.

3. ಬಳಕೆದಾರ ಭೇದ ಪ್ರಕರಣ

ಕರ್ಮದಂತೆ ಬಳಕೆದಾರರೂ ನಾಲ್ಕು ಬಗೆ. ತಾನಾಗಿ ಬರುವವನು ನಿತ್ಯ. ನೋಟಿಫಿಕೇಶನ್ ಟಿಂಗ್ ಎಂದಾಗ ಬರುವವನು ನೈಮಿತ್ತಿಕ. ಕ್ಯಾಶ್‌ಬ್ಯಾಕಿಗಾಗಿ ಬರುವವನು ಕಾಮ್ಯ. ಎರಡು ಸಿಮ್ ಇಟ್ಟುಕೊಂಡು ತನ್ನನ್ನು ತಾನೇ ರೆಫರ್ ಮಾಡಿ ಬೋನಸ್ ಪಡೆಯುವವನು ನಿಷಿದ್ಧ. ನಿತ್ಯರಲ್ಲಿ ಮತ್ತೆ ಸಹಜನಿತ್ಯ, ಭಯನಿತ್ಯ ಎಂದು ಒಳಭೇದವಿದ್ದು, ಡುಯೊಲಿಂಗೊದ ಸ್ಟ್ರೀಕ್ ಮುರಿದೀತೆಂದು ರಾತ್ರಿ ಹನ್ನೊಂದೂವರೆಗೆ ಹಾಸಿಗೆಯಿಂದ ಏಳುವವರು ಎರಡನೆಯ ಗುಂಪಿಗೆ... ಸಾಕು. ಇವನ್ನು ಬಿಟ್ಟು ಸುಪ್ತನಿಗೆ ಬರುತ್ತೇನೆ.

ಬಹಳ ದಿನ ತೆರೆಯದವನು ಸುಪ್ತ. ಅವನಿಗೆ ‘ವಿನ್-ಬ್ಯಾಕ್’ ಎಂಬ ಚಿಕಿತ್ಸೆ. ಸುಪ್ತ ಮತ್ತೆ ತೆರೆದರೆ ಪುನರುತ್ಥಿತ. ಇದು ನನ್ನ ಸೃಷ್ಟಿಯಲ್ಲ, ಈ ಉದ್ಯಮದಲ್ಲಿ ನಿಜಕ್ಕೂ ‘ರಿಸರೆಕ್ಟೆಡ್ ಯೂಸರ್’ ಎಂದೇ ಹೇಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ, ಔಷಧಿ ತರಿಸಿಕೊಳ್ಳುವ ಆ್ಯಪೊಂದು ಅವರ ಫೋನಿಗೆ ಬರೆಯುತ್ತಲೇ ಇತ್ತು. ಮಾತ್ರೆ ಮುಗಿಯುತ್ತ ಬಂದಿರಬೇಕಲ್ಲ ಎಂದಿತು. ಆಮೇಲೆ ಅಳುವ ಮುಖ ಹಾಕಿ, ನಿಮ್ಮನ್ನು ಮಿಸ್ ಮಾಡ್ಕೊಳ್ತಿದೀವಿ ಎಂದಿತು, ಜೊತೆಗೊಂದು ಕೂಪನ್. ಖಾತೆ ಅಳಿಸಿಬಿಡೋಣವೆಂದು ತೆರೆದೆ. ಪ್ರೊಫೈಲ್, ಅದರೊಳಗೆ ಸೆಟ್ಟಿಂಗ್ಸ್, ಅದರೊಳಗೆ ಸಹಾಯ, ಸಹಾಯದೊಳಗೆ ಇನ್ನೇನೋ. ಯಾಕೆ ಬಿಡುತ್ತಿದ್ದೀರಿ, ಆರಿಸಿ: ಬೆಲೆ ಹೆಚ್ಚು, ಡೆಲಿವರಿ ತಡ, ಬೇರೆ ಆ್ಯಪ್ ಸಿಕ್ಕಿದೆ, ಇತರೆ. ‘ಇತರೆ’ ಒತ್ತಿದೆ.

ಈ ಶಾಸ್ತ್ರದ ಪ್ರಕಾರ ಅಂದು ನಮ್ಮಪ್ಪ ಪುನರುತ್ಥಿತರಾದರು. ಸೆಷನ್ ಅವಧಿಯೂ ಚೆನ್ನಾಗಿಯೇ ಇದ್ದಿರಬೇಕು, ಆ ಬಟನ್ ಹುಡುಕುವುದಕ್ಕೆ ಅಷ್ಟು ಹೊತ್ತು ಹಿಡಿಯಿತು.

ಬೇಕೆಂದು ಮಾಡಿದ್ದಲ್ಲ, ಆಟೊಮೇಟೆಡ್ ಅನ್ನುತ್ತಾರೆ. ಬೇಕೆಂದೇ ಮಾಡಿದ್ದು. ಯಾರೋ ಕೂತು ಆ ಅಳುವ ಮುಖ ಆರಿಸಿದ್ದಾರೆ, ನಗುವ ಮುಖಕ್ಕಿಂತ ಅದಕ್ಕೆ ಕ್ಲಿಕ್ ಹೆಚ್ಚೆಂದು ಪರೀಕ್ಷಿಸಿ ನೋಡಿದ್ದಾರೆ. ಕೆಲಸ ಮುಗಿಸಿ ಹೋದವನು, ಬೇಸತ್ತು ಹೋದವನು, ಸತ್ತವನು, ಮೂವರಿಗೂ ಕೋಷ್ಟಕದಲ್ಲಿ ಒಂದೇ ಕಾಲಂ ಇಟ್ಟು ‘ಚರ್ನ್’ ಎಂದು ಬರೆದಿದ್ದಾರೆ. ಹೆಣ್ಣು-ಗಂಡು ಹುಡುಕಿಕೊಡುವ ಆ್ಯಪ್ ತನ್ನ ಕೆಲಸ ಸರಿಯಾಗಿ ಮಾಡಿದರೆ ಒಂದೇ ದಿನ ಇಬ್ಬರು ಬಳಕೆದಾರರನ್ನು ಕಳೆದುಕೊಳ್ಳಬೇಕು. ಕರೆಂಟ್ ಬಿಲ್ ಕಟ್ಟುವ ಆ್ಯಪನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು, ಆಗ ಸ್ಟಿಕಿನೆಸ್ ಶೇ. 3ರ ಆಸುಪಾಸು. ಅಷ್ಟಕ್ಕೆ ತೃಪ್ತಿಯಿಲ್ಲವಾಗಿ ಅದರೊಳಗೆ ಚಿನ್ನ ಮಾರುತ್ತಾರೆ, ಚಕ್ರ ತಿರುಗಿಸಿ ಬಹುಮಾನ ಗೆಲ್ಲಿ ಎನ್ನುತ್ತಾರೆ. ಬಿಲ್ ಕಟ್ಟುವ ಗುಂಡಿ ಮೂರನೆಯ ಸಾಲಿಗೆ ಇಳಿದಿರುತ್ತದೆ. ಕನ್ನಡಕ ಹುಡುಕಿಕೊಂಡು ಕೂತ ಅಮ್ಮ ಚಿನ್ನದ ಮೇಲೆ ಒತ್ತಿ ಗಾಬರಿಯಾಗುತ್ತಾರೆ. ಆ ಗಾಬರಿಯೂ ಎಂಗೇಜ್‌ಮೆಂಟ್.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಪೀಡಿಸುವುದು, ನಾಚಿಸಿ ಒಪ್ಪಿಸುವುದು, ಚಂದಾ ಬಿಡದಂತೆ ಸಿಕ್ಕಿಸುವುದು ಎಲ್ಲ ಅದರಲ್ಲಿವೆ. ಗಾಜಿನ ಕೋಣೆಯಲ್ಲಿ ಅವೇ ಕೆಲಸಗಳು ರೋಡ್‌ಮ್ಯಾಪ್ ಎಂಬ ಹಾಳೆಯ ಮೇಲೆ ‘ರೀ-ಎಂಗೇಜ್‌ಮೆಂಟ್’ ಎಂದು ಕೂತಿವೆ, ಎದುರಿಗೆ ಒಬ್ಬೊಬ್ಬರ ಹೆಸರು, ಮುಗಿಸಬೇಕಾದ ತಾರೀಖು.

ನಾಲ್ಕನೆಯ ಪ್ರಕರಣ ಫನೆಲ್ ಕುರಿತು ಇರಬೇಕಿತ್ತು. ಐದನೆಯದು ನಾರ್ತ್ ಸ್ಟಾರ್ ಮೆಟ್ರಿಕ್, ಅಂದರೆ ಕ್ವಾರ್ಟರಿಗೊಮ್ಮೆ ಜಾಗ ಬದಲಿಸುವ ಧ್ರುವ ನಕ್ಷತ್ರದ ಕುರಿತು. ಎರಡನ್ನೂ ಬರೆಯುವುದಿಲ್ಲ. ಓದುಗರು ಇಲ್ಲಿಗೇ ಎದ್ದು ಹೋಗಬಹುದು, ಯಾರೂ ಮತ್ತೆ ಕರೆಯುವುದಿಲ್ಲ.